ಬದುಕಿರುವವರ ಫೋಟೋ

ನಾವೆಲ್ಲ ಗೌರವದಿಂದ ಡೋನ್ಯಾ ಎಂದು ಕರೆಯುತ್ತಿದ್ದ ಎರ್ಮೆಲಿಂದಾ ತೀರಿಕೊಂಡ ಮೇಲೆ ಬಂದ ಮೊದಲ ಸತ್ತವರ ಹಬ್ಬ ಅದು. ನವೆಂಬರಿನ ಆ ದಿನ ಹೋದವರೆಲ್ಲ ಒಮ್ಮೆ ಬಂದು ಹೋಗುತ್ತಾರೆ. ಮೊದಲ ವರ್ಷದವರಿಗೆ ದಾರಿ ಹೊಸದು, ಆದ್ದರಿಂದ ಸತ್ತವರ ಫೋಟೋ ಇಟ್ಟು ಎಡೆ ಬಡಿಸುವ ಪೀಠದ ನಡುವಿನ ಜಾಗ ಅವರದು. ಅವಳ ತಂಗಿ ಅಂಪಾರೊ ತಿಂಗಳಿಂದ ನನ್ನ ಮುಂದೆ ಅದೊಂದನ್ನೇ ಜಪಿಸುತ್ತಿದ್ದಳು.

"ನಮ್ಮಕ್ಕಂಗೆ ನಡುಮಧ್ಯ ಜಾಗ ಸಿಕ್ರೆ ಸಾಕು ಕಣೇ ನಿಂಫಾ. ಅವಳು ಕಟ್ಟಿದ ಜಾಗಕ್ಕೆ ಅವಳೇ ಬಂದು ಮೂಲೆಲಿ ನಿಂತ್ಕೊಬಾರ್ದು."

ಸ್ಯಾನ್ ಆಂಟೋನಿಯೊದ ಪಶ್ಚಿಮ ಭಾಗದಲ್ಲಿ ವಲಸೆ ಬಂದ ನಮ್ಮವರ ಕೇಂದ್ರ ಗೊತ್ತಿಲ್ಲದವರಿಲ್ಲ. ಎರ್ಮೆಲಿಂದಾ ಅದನ್ನು ಶುರು ಮಾಡಿದ್ದು ತನ್ನ ಮನೆಯ ಕಾರು ಶೆಡ್ಡಿನಲ್ಲಿ. ಹಗಲು ಹೋಟೆಲಿನ ಹಾಸಿಗೆಗಳ ಬಟ್ಟೆ ಬದಲಾಯಿಸಿ ಬಂದ ನಮಗೆಲ್ಲ ಸಂಜೆ ಇಂಗ್ಲಿಷ್ ಕಲಿಸುತ್ತಿದ್ದಳು, ಮಕ್ಕಳ ಕೈಹಿಡಿದು ಅಕ್ಷರ ತಿದ್ದಿಸುತ್ತಿದ್ದಳು. ಆಮೇಲೆ ಬ್ರಾಡ್‌ವೆಲ್ ಸಾಹೇಬರ ಪ್ರತಿಷ್ಠಾನ ಬಂತು. ಪಾಲುದಾರರಾಗೋಣ, ನಿಮ್ಮನ್ನು ಬೆಳೆಸುತ್ತೇವೆ ಎಂದಿತು. ಬೆಳೆಸಿತು, ಸುಳ್ಳೇಕೆ ಹೇಳಲಿ. ಸೋರದ ಸಭಾಂಗಣ ಬಂತು, ತಣ್ಣನೆ ಗಾಳಿಯ ಯಂತ್ರ ಬಂತು, ಬಾಗಿಲಿಗಿಂತ ದೊಡ್ಡದಾಗಿ ಸಾಹೇಬರ ಹೆಸರೂ ಬಂತು. ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಅನ್ನುತ್ತಾರೆ. ಇಲ್ಲಿ ಹಸು ಕೊಟ್ಟವರೇ ಆಗಾಗ ಬಂದು ನಮ್ಮ ಹಲ್ಲು ಎಣಿಸುತ್ತಿದ್ದರು.

ಬೆಳೆಯುವ ಸಂಸ್ಥೆಗೆ ಓದಿದವರ ಸಮಿತಿ ಬೇಕು ಎಂದರು. ಎರ್ಮೆಲಿಂದಾಗೆ ಒಂದು ಫಲಕ ಕೊಟ್ಟು, ಚಪ್ಪಾಳೆ ತಟ್ಟಿ, ಸಮಿತಿಯಿಂದ ಇಳಿಸಿದರು. ನಿರ್ದೇಶಕನ ಕುರ್ಚಿಗೆ ಎಫ್ರೈನ್ ಬಂದ. ಅದೇ ಶೆಡ್ಡಿನಲ್ಲಿ ಮೂಗು ಸುರಿಸುತ್ತ ಅಕ್ಷರ ಕಲಿತವನು! ಕೊನೆಯ ಮೂರು ವರ್ಷ ಅವಳ ಪಾಲಿಗೆ ಉಳಿದದ್ದು ಸಭೆಗೆ ಬಂದವರಿಗೆ ಕಾಫಿ ಸುರಿಯುವ ಕೆಲಸ. ಸತ್ತದ್ದು ಹೃದಯ ನಿಂತು ಎಂದರು ಡಾಕ್ಟರು. ಅದನ್ನು ಯಾರು ನಿಲ್ಲಿಸಿದರು ಎಂದು ನನ್ನನ್ನು ಕೇಳಿ.

ಹಬ್ಬದ ದಿನ ನಾನೂ ಅಂಪಾರೊನೂ ಸಂಜೆಗೆ ಮೊದಲೇ ಕೇಂದ್ರಕ್ಕೆ ಹೋದೆವು. ಪೀಠ ಸಿದ್ಧವಾಗಿತ್ತು. ಚೆಂಡುಹೂವಿನ ಕಮಾನು, ಸಾಲು ಮೇಣದಬತ್ತಿ, ಬೆಲ್ಲದಲ್ಲಿ ಬೇಯಿಸಿದ ಕುಂಬಳಕಾಯಿ, ಹಬ್ಬದ ಬ್ರೆಡ್ಡು. ನಟ್ಟ ನಡುವೆ ಬಂಗಾರದ ಚೌಕಟ್ಟಿನಲ್ಲಿ ಬ್ರಾಡ್‌ವೆಲ್ ಸಾಹೇಬರು ಹಲ್ಲು ಬಿಡುತ್ತಿದ್ದರು. ಅವರ ಮುಂದೆ ಎಡೆಯಾಗಿ ಸಕ್ಕರೆಯಿಲ್ಲದ ಕೋಲಾದ ಡಬ್ಬಿ. ನಮ್ಮ ಎರ್ಮೆಲಿಂದಾ ಕೆಳಗಿನ ಮೆಟ್ಟಿಲಿನಲ್ಲಿ, ಒಂದು ಹೂಕುಂಡದ ಹಿಂದೆ.

ಅಂಪಾರೊ ಹೂಕುಂಡದ ಕಡೆಗೇ ನೋಡುತ್ತ ನಿಂತಳು. ನಾನು ಎಫ್ರೈನ್‌ನನ್ನು ಹಿಡಿದೆ.

"ಲೋ ಎಫ್ರೈನ್, ಸಾಹೇಬರು ಯಾವಾಗ ಸತ್ರೋ?"

"ಮೆಲ್ಲಗೆ ಚಿಕ್ಕಮ್ಮ!" ಅವನು ಬೆವರುತ್ತಿದ್ದ. "ಪ್ರತಿಷ್ಠಾನದ ಬ್ರುಕ್ ಮೇಡಮ್ ಇಟ್ಟಿದ್ದು. ಗೌರವ ಅಂದ್ಕೊಂಡಿದಾರೆ."

"ನಿಂಗೆ ಗೊತ್ತಿತ್ತಲ್ಲ? ಬದುಕಿರೋರ್ದು ಇಟ್ರೆ ಸಾವನ್ನ ಮನೆಗೆ ಕರೆದಂಗೆ ಅಂತ ನಿಮ್ಮಮ್ಮ ಹೇಳ್ಕೊಡ್ಲಿಲ್ವಾ?"

"ಹೇಳಿದ್ಲು. ಈಗ ಬೇಡ ಅಂದ್ರೆ ಅವರಿಗೆ ಬೇಜಾರಾಗುತ್ತೆ. ಮುಂದಿನ ಮೂರು ವರ್ಷದ ಒಪ್ಪಂದ ಇವತ್ತೇ ಆಗ್ಬೇಕು."

"ಅದಕ್ಕೆ ಬೇಜಾರಿನ ಬದಲು ಚಟ್ಟ ಕಟ್ಟಿದ್ಯಾ?"

ಕೊಡುವವರ ಮುಂದೆ "ಬೇಡ" ಎನ್ನಲು ನಮ್ಮ ಜನಕ್ಕೆ ನಾಲಿಗೆ ಹೊರಳುವುದಿಲ್ಲ. ಅತಿಥಿ ಉಪ್ಪನ್ನೇ ಪಾಯಸಕ್ಕೆ ಸುರಿದರೂ ಚಪ್ಪರಿಸುತ್ತೇವೆ. ಆದರೆ ಅಂಪಾರೊ ತಲೆಬಟ್ಟೆಯ ತುದಿಯಿಂದ ಕಣ್ಣೊರೆಸಿಕೊಳ್ಳುವುದನ್ನು ಕಂಡು ನನ್ನ ಮೈ ಉರಿಯಿತು. ಆ ಮಹಾರಾಯನನ್ನು ಸತ್ತವರ ಸಾಲಿಗೆ ಸೇರಿಸಿದ್ದಾರೆ ತಾನೆ? ಸತ್ತವರಿಗೆ ಮಾಡುವುದನ್ನು ಮಾಡಿಯೇ ಬಿಡೋಣ ಎಂದುಕೊಂಡೆ.

ಸಾಹೇಬರು ಬಂದರು. ಬ್ರುಕ್ ಮೇಡಮ್ ನಮ್ಮವರ ಕಸೂತಿ ರವಿಕೆ ತೊಟ್ಟು, ತಲೆಗೆ ಹೂವಿನ ಕಿರೀಟ ಇಟ್ಟುಕೊಂಡು, ಮದುವೆಮನೆಯ ಬೀಗಿತ್ತಿಯ ಹಾಗೆ ಓಡಾಡುತ್ತಿದ್ದಳು. ಸಭಾಂಗಣ ತುಂಬಿತ್ತು. ಎಫ್ರೈನ್ ಸ್ವಾಗತಕ್ಕೆ ಬಾಯಿ ತೆರೆಯುವ ಮೊದಲೇ ನಾನು ಪೀಠದ ಮುಂದೆ ಮಂಡಿಯೂರಿ ಜಪಮಾಲೆ ತೆಗೆದೆ.

"ಪ್ರಭುವೇ, ನಿನ್ನ ದಾಸ ಬ್ರಾಡ್‌ವೆಲ್‌ಗೆ ನಿತ್ಯ ವಿಶ್ರಾಂತಿ ದಯಪಾಲಿಸು!"

ಆಮೇಲೆ ಹಿಂದಿನ ಸಾಲಿನ ಮುದುಕಿಯರು ಒಬ್ಬೊಬ್ಬರಾಗಿ ಮಂಡಿಯೂರಿದರು. "ದಯಪಾಲಿಸು ಸ್ವಾಮಿ!" ಅವನ ಪಾಪಗಳನ್ನು ಕ್ಷಮಿಸು ಎಂದೆ. ಕ್ಷಮಿಸು ಎಂದು ಅವರು ನನಗಿಂತ ಜೋರಾಗಿ ಕೂಗಿದರು. ನಮ್ಮ ಭಾಷೆ ಬಾರದ ಸಾಹೇಬರಿಗೆ ಕೇಳಿಸಿದ್ದು ತಮ್ಮ ಹೆಸರೊಂದೇ. ಅವರು ಎದೆಯ ಮೇಲೆ ಕೈಯಿಟ್ಟು ತಲೆಬಾಗಿದರು, ಕಣ್ಣಲ್ಲಿ ನೀರು ಬೇರೆ. ಪಕ್ಕದಲ್ಲಿದ್ದ ಅಂಪಾರೊಳನ್ನು ಕೇಳಿದರು:

"ಎಷ್ಟು ಪ್ರೀತಿ ಇವರಿಗೆ! ಏನಂತಿದಾರಮ್ಮ?"

ಅಂಪಾರೊ ಸುಳ್ಳು ಹೇಳುವವಳಲ್ಲ. ಅಕ್ಕ ಕಲಿಸಿದ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು. "ಇದು ಸತ್ತೋರ ಪೀಠ ಸಾರ್. ಇಲ್ಲಿ ಫೋಟೋ ಇದ್ದೋರೆಲ್ಲ ಸತ್ತೋರು. ನಿಮ್ಮ ಆತ್ಮಕ್ಕೆ ಶಾಂತಿ ಕೇಳ್ತಿದಾರೆ."

ಸಾಹೇಬರ ಮುಖ ಸುಣ್ಣ ಬಳಿದಂತಾಯಿತು. ಅವರು ಬ್ರುಕ್‌ಳನ್ನು ನೋಡಿದರು, ಬ್ರುಕ್ ಎಫ್ರೈನ್‌ನನ್ನು ನೋಡಿದಳು, ಎಫ್ರೈನ್ ನೆಲ ನೋಡಿದ. ಕೊನೆಗೆ ಸಾಹೇಬರು ತಾವೇ ಮುಂದೆ ಬಂದು ತಮ್ಮ ಫೋಟೋ ಎತ್ತಿಕೊಂಡರು. ಕೋಲಾ ಡಬ್ಬಿಯನ್ನೂ ಬಿಡಲಿಲ್ಲ.

ಅಂಪಾರೊ ಹೂಕುಂಡ ಸರಿಸಿ, ಅಕ್ಕನನ್ನು ತೆಗೆದು, ಗಾಜನ್ನು ತಲೆಬಟ್ಟೆಯಲ್ಲಿ ಒರೆಸಿ, ನಡುವೆ ಇಟ್ಟಳು. ನನ್ನ ಜಪ ತಪ್ಪಿತು.

"ಯಾರಿವರು?" ಸಾಹೇಬರು ಕೇಳಿದರು.

"ನಮ್ಮಕ್ಕ. ಈ ಕೇಂದ್ರ ಶುರು ಮಾಡಿದೋಳು."

ಬ್ರುಕ್‌ಗೆ ಜೀವ ಬಂತು. "ಅದ್ಭುತ! ಸಾರ್, ಇವರ ಪಕ್ಕ ನಿಂತು ನಿಮ್ದೊಂದು ಫೋಟೋ ತಗೋಳೋಣ. ವಾರ್ಷಿಕ ವರದಿಗೆ ತುಂಬಾ ಚೆನ್ನಾಗಿರುತ್ತೆ." ಸಾಹೇಬರು ಕೋಟು ಸರಿಮಾಡಿಕೊಂಡು ಪೀಠದ ಪಕ್ಕಕ್ಕೆ ಸರಿದೂ ಬಿಟ್ಟರು.

"ನಿಂತ್ಕೊಳ್ಳಿ ಸಾರ್," ಎಂದಳು ಅಂಪಾರೊ. ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ. "ಮೂರು ವರ್ಷ ನಿಮ್ಮ ಪಕ್ಕದಲ್ಲೇ ನಿಂತು ಕಾಫಿ ಕೊಟ್ಟಿದಾಳೆ. ನೀವು ಕಪ್ಪು ತಗೊಂಡ್ರಿ, ಮುಖ ನೋಡ್ಲಿಲ್ಲ. ಇವತ್ತು ನೋಡ್ಕೊಂಡು ಹೋಗಿ."