ಹತ್ತಿ ಕಟ್ಟಿಕೊಂಡ ಕಾರು

ಹಾಸಿಗೆ ಹೊಲಿಯುವವನ ಕಾರಿಗೆ ವಯಸ್ಸಾಗಿತ್ತು. ಅವನ ಹೆಂಡತಿಗೆ ವಯಸ್ಸಾಗುವ ಮೊದಲೇ ಕಾಯಿಲೆ ಬಂದಿತ್ತು. ವಾರಕ್ಕೊಮ್ಮೆ ಅವಳನ್ನು ದೂರದ ಆಸ್ಪತ್ರೆಗೆ ಕರೆದೊಯ್ಯಬೇಕು. ಬರುವಾಗ ಮೈಯೊಳಗೆ ಔಷಧಿಯ ಉರಿ, ಮೈಮೇಲೆ ಬಿಸಿಲಿನ ಉರಿ. ಕಾರಿನ ಎಸಿಯೋ, ಬಿಟ್ಟೂ ಬಿಡದ ಹಾಗೆ ಒಂದಿಷ್ಟು ಗಾಳಿ ಬಿಡುತ್ತಿತ್ತು.

ಆ ಬೆಳಿಗ್ಗೆ ಅವಳು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು.

"ನಾನು ಬರಲ್ಲ ರೀ. ಹೋದ ಸಲ ದಾರೀಲೇ ಕಣ್ಣು ಕತ್ತಲೆ ಬಂತು. ಸಾಯೋದಾದ್ರೆ ಮನೇಲೇ ಸಾಯ್ತೀನಿ. ಆ ಡಬ್ಬದಲ್ಲಿ ಬೇಯೋದು ಬೇಡ."

ಅವನು ಹೊರಗೆ ಬಂದು ಕಾರಿಗೆ ಒರಗಿ ನಿಂತ. ದೇವರನ್ನು ನೆನೆದ, ಏನು ಬೇಡಬೇಕೆಂದು ತೋಚಲಿಲ್ಲ.

ಅಕ್ಕನನ್ನು ನೋಡಲು ಬಂದ ನಾದಿನಿ ಶಾಲೆಯ ವ್ಯಾನು ಓಡಿಸುವವಳು. "ಎಸಿಗೆ ಏನು ಮಾಡಿಸಿದ್ರಿ ಭಾವ?" ಎಂದಳು.

"ಗ್ಯಾಸ್ ತುಂಬಿಸಿದೆ. ಹೋದ ವರ್ಷಾನೂ ತುಂಬಿಸಿದ್ದೆ. ಹಳೇ ಗಾಡಿ, ಕುಡಿದುಬಿಡತ್ತೆ."

"ಗ್ಯಾಸೇನು ಪೆಟ್ರೋಲಾ, ಖರ್ಚಾಗೋಕೆ? ಕಮ್ಮಿ ಆಯ್ತು ಅಂದ್ರೆ ಎಲ್ಲೋ ಸೋರ್ತಿದೆ ಅಂತ. ಮೊದಲು ಕೈ ಹಿಡಿದು ನೋಡಿ. ಗಾಳಿ ಜೋರಾಗಿದ್ದೂ ಬೆಚ್ಚಗಿದೆಯಾ, ಇಲ್ಲಾ ಬರೋದೇ ಕಮ್ಮೀನಾ?"

"ಮುದಿ ಗಾಡಿಗೆ ಇಷ್ಟೆಲ್ಲಾ ಉಪಚಾರ ಬೇರೆ" ಎಂದು ಗೊಣಗುತ್ತಲೇ ಅವನು ಕಾರನ್ನು ಶೆಡ್ಡಿನಿಂದ ಬಯಲಿಗೆ ತಂದು, ಫ್ಯಾನು ಪೂರ್ತಿ ತಿರುಗಿಸಿ ಕೈ ಹಿಡಿದ.

"ಬರೋದೇ ಕಮ್ಮಿ. ಬಂದಷ್ಟು ತಣ್ಣಗಿದೆ."

"ಹಾಗಾದ್ರೆ ಗ್ಯಾಸ್ ಇದೆ. ದಾರಿ ಕಟ್ಟಿದೆ. ಗಾಡಿ ಆಫ್ ಮಾಡಿ."

ಅವಳು ಪಕ್ಕದ ಸೀಟಿನ ಮುಂದಿನ ಪೆಟ್ಟಿಗೆಯನ್ನು ಬಿಚ್ಚಿ, ಅದರ ಹಿಂದಿದ್ದ ಗಾಳಿ ಸೋಸುವ ಫಿಲ್ಟರನ್ನು ಎಳೆದಳು. ಹತ್ತಿ ಮೆತ್ತಿಕೊಂಡು ಅದು ಗಟ್ಟಿ ಹಲಗೆಯಂತಾಗಿತ್ತು.

"ಇದರೊಳಗೂ ಒಂದು ದಿಂಬು ಹೊಲಿದಿದ್ದೀರಲ್ಲ ಭಾವ."

ಅವನು ನಗಲಿಲ್ಲ. "ಅವಳ ಸೀಟು ಕಾಯಬಾರ್ದು ಅಂತ ಹತ್ತಿ ಎಕ್ಕಿ ಬಿಡಿಸೋ ಶೆಡ್ಡಿನ ನೆರಳಲ್ಲೇ ನಿಲ್ಲಿಸ್ತಿದ್ದೆ. ಹೊರಡೋ ಮುಂಚೆ ಅಲ್ಲೇ ಎಸಿ ಹಾಕಿ ಒಳಗೆಲ್ಲ ತಣ್ಣಗೆ ಮಾಡೋಣ ಅಂತ ನೋಡ್ತಿದ್ದೆ."

ಹಾರಾಡುವ ಹತ್ತಿಯನ್ನೆಲ್ಲ ಕಾರು ಎಳೆದುಕೊಂಡಿತ್ತು. ನಾದಿನಿ ಫಿಲ್ಟರನ್ನು ಪಕ್ಕಕ್ಕಿಟ್ಟಳು. ಆಮೇಲೆ ಮೆಲ್ಲಗೆ, "ನಿಮಗೆ ಗೊತ್ತಿರಲಿಲ್ಲ, ಬಿಡಿ. ಗಾಡಿ ಮುಂದಿರೋ, ಎಸಿ ಬಿಸಿ ಹೊರಗೆ ಬಿಡೋ ಜಾಲರೀನೂ ನೋಡೋಣ" ಎಂದಳು.

ಅಲ್ಲೂ ಹತ್ತಿ, ಧೂಳು. ಜಾಲರಿಯ ತೆಳ್ಳನೆಯ ತಗಡು ಬಾಗದಂತೆ ಸಣ್ಣ ಧಾರೆಯ ನೀರು ಬಿಟ್ಟು ತೊಳೆದರು. ಅಂಗಡಿಯಿಂದ ಹೊಸ ಫಿಲ್ಟರ್ ತಂದು ಕೂರಿಸಿದರು.

ಹೆಂಡತಿ ಗೋಡೆ ಹಿಡಿದುಕೊಂಡು ಬಂದು ಕಾರಿನಲ್ಲಿ ಕೂತಳು. ತಂಪು ಗಾಳಿ ಮುಖಕ್ಕೆ ತಾಗಿತು. ಕಣ್ಣು ಮುಚ್ಚಿ, "ಇವತ್ತು ಹೋಗಿಬರೋಣ" ಎಂದಳು. ಮುಂದಿನ ವಾರದ ಮಾತು ಅವಳು ಆಡಲಿಲ್ಲ. ಅವನು ಗೇರು ಹಾಕಿದ.

ಓದುವ ಅಕ್ಕ ಅಣ್ಣಂದಿರೇ, ಎಸಿ ಸೊರಗಿತೆಂದು ಕಣ್ಣು ಮುಚ್ಚಿ ಗ್ಯಾಸ್ ತುಂಬಿಸಬೇಡಿ. ಗಾಳಿಯೇ ಕಡಿಮೆಯಿದ್ದರೆ ಮೊದಲು ಫಿಲ್ಟರ್ ನೋಡಿ. ಗಾಳಿ ಜೋರಾಗಿದ್ದೂ ತಂಪಿಲ್ಲದಿದ್ದರೆ ಮುಂದಿನ ಜಾಲರಿ, ಅದರ ಫ್ಯಾನು, ಗ್ಯಾಸಿನ ಸೋರಿಕೆ ಪರೀಕ್ಷಿಸಲು ಮೆಕ್ಯಾನಿಕ್‌ಗೆ ಹೇಳಿ. ಗ್ಯಾಸಿನ ಪೈಪನ್ನು ಮಾತ್ರ ನೀವೇ ಬಿಚ್ಚಬೇಡಿ. ಕಾಯಿಲೆ ಇಳಿಸುವುದು ಮೇಲಿರುವವನ ಕೈಯಲ್ಲಿದೆ. ದಾರಿಯ ಸೆಕೆ ಇಳಿಸುವುದು ನಮ್ಮ ಕೈಯಲ್ಲೇ ಇದೆ. ನಿಮ್ಮ ಮನೆಯ ರೋಗಿ "ಬರಲ್ಲ" ಅನ್ನುವ ಮೊದಲು ಒಮ್ಮೆ ಆ ಫಿಲ್ಟರ್ ತೆಗೆದು ನೋಡಿ.