ಮಂಡಿ ಕೇಳಲು ಬಂದವರು

ನನ್ನ ತಮ್ಮ ಕುತೈಬಾ ಇಪ್ಪತ್ತೆರಡರ ಹುಡುಗ. ಇಡೀ ಇರ್ಬಿದ್ ಊರಿನಲ್ಲಿ ಅವನಷ್ಟು ಮೊಂಡ ಇನ್ನೊಬ್ಬನಿಲ್ಲ. ದಬ್ಕೆ ಕುಣಿತದಲ್ಲಿ ಸಾಲಿನ ತುದಿಗೆ ನಿಂತು ಎಲ್ಲರನ್ನೂ ಕುಣಿಸುವವನು ಅವನೇ. ಚಳಿಗಾಲದಲ್ಲಿ ಯಾರದೋ ಮದುವೆಯಲ್ಲಿ ಹಾರಿ ಇಳಿದಾಗ ಮಂಡಿ ಕಟಕ್ಕೆಂದಿತು. ಕೀಲಿನ ಒಳಗೆ ಮೂಳೆಗಳ ನಡುವೆ ಮೆತ್ತೆಯಂತಿರುವ ಮೃದ್ವಸ್ಥಿ ಹರಿದಿದೆ ಎಂದರು ಡಾಕ್ಟರು. ಹೊಲಿದರೆ ಮಂಡಿ ಉಳಿದೀತು, ಆದರೆ ಆರು ತಿಂಗಳು ಕುಣಿಯುವಂತಿಲ್ಲ. ಹರಿದ ಚೂರನ್ನು ಕತ್ತರಿಸಿ ತೆಗೆದರೆ ಬೇಗ ಕುಣಿಯಬಹುದು, ಮುಂದೆ ನಡುವಯಸ್ಸಿಗೇ ಮೂಳೆಗೆ ಮೂಳೆ ಉಜ್ಜಲೂಬಹುದು. ಯಾವುದೆಂದು ನೀನೇ ಹೇಳು ಎಂದು ಕಳಿಸಿದರು.

ಕತ್ತರಿಸಿಬಿಡಲಿ ಎಂದು ಇವನ ಹಟ. ಬೇಸಿಗೆಗೆ ನನ್ನ ಮದುವೆ. ಅಕ್ಕನ ಮದುವೆಯಲ್ಲಿ ಸಾಲಿನ ತುದಿಗೆ ಬೇರೆಯವನು ನಿಲ್ಲುವುದೇ? ಅಮ್ಮ ಅತ್ತಳು, ನಾನು ಬೈದೆ. ಮದುವೆಯನ್ನೇ ಮುಂದೂಡೋಣ ಎಂದರೆ ಅಪಶಕುನ ನುಡಿಯಬೇಡ ಎಂದು ಬಾಯಿ ಮುಚ್ಚಿಸಿದ. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಮದುವೆಯ ನೆಪದಲ್ಲಿ ಅವನು ಜನ್ಮವಿಡೀ ಕುಂಟುವುದನ್ನು ನಾನು ನೋಡಲಾರೆ. ನನ್ನನ್ನು ಮದುವೆಯಾಗುವ ಸಖರ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ.

ಶುಕ್ರವಾರ ಸಖರ್, ಅವನ ದೊಡ್ಡಪ್ಪ ಅಬು ಗಂದೂರ್, ನಾಲ್ಕಾರು ಹಿರಿಯರು ಭುಜದ ಮೇಲೆ ನಿಲುವಂಗಿ ಹೊದ್ದು ಸಾಲಾಗಿ ಬಂದರು. ಹೋದ ವರ್ಷ ನನ್ನನ್ನು ಕೇಳಲು ಬಂದದ್ದೂ ಹೀಗೆಯೇ. ಅಪ್ಪ ಇಲ್ಲದ ಮನೆ, ಯಜಮಾನಿಕೆ ಕುತೈಬಾನದು. ಅವನು ಕೊಟ್ಟ ಕಾಫಿಯನ್ನು ಅವರು ಕುಡಿಯದೆ ಕೆಳಗಿಟ್ಟರು. ನಮ್ಮಲ್ಲಿ ಏನನ್ನಾದರೂ ಕೇಳಲು ಬಂದವರು, ಮನೆಯ ಯಜಮಾನ ಕೊಟ್ಟೆ ಎನ್ನುವವರೆಗೆ ಬಟ್ಟಲು ಮುಟ್ಟುವುದಿಲ್ಲ. ಮದುವೆಯ ದಿನ ಗೊತ್ತುಮಾಡಲು ಬಂದಿದ್ದಾರೆಂದು ತಮ್ಮ ಹಿಗ್ಗಿಹೋದ. ಅವರು ಬಾಯಿ ತೆರೆಯುವ ಮೊದಲೇ ಎದೆ ಮೇಲೆ ಕೈಯಿಟ್ಟು, "ಕುಡೀರಿ ದೊಡ್ಡಪ್ಪ. ಏನು ಕೇಳೋಕೆ ಬಂದಿದ್ರೂ ಕೊಟ್ಟಾಯ್ತು" ಅಂದ.

ಎಲ್ಲರೂ ಒಂದೇ ಗುಟುಕಿಗೆ ಮುಗಿಸಿದರು. ಅಬು ಗಂದೂರ್ ಮೀಸೆ ಒರೆಸಿಕೊಂಡರು. "ನಾವು ಕೇಳೋಕೆ ಬಂದಿದ್ದು ನಿನ್ನ ಮಂಡೀನ ಕಣಪ್ಪ. ಹೊಲಿಸ್ಕೋ. ಕಾಲು ನೆಟ್ಟಗಾದ ಮೇಲೆ ಮದುವೆ."

ತಮ್ಮನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಬಾಗಿಲ ಮರೆಯಲ್ಲಿ ನಾನು ನಗು ತಡೆಯಲು ಕೈ ಕಚ್ಚಿಕೊಂಡೆ. ಇದು ಮೋಸ ಎಂದು ಅವನು ಗೊಣಗಿದ. ಮುದುಕರು ಬೇಸರಿಸಲಿಲ್ಲ. ತಿಳಿಯದೆ ಕೊಟ್ಟ ಮಾತು ನಮಗೂ ಬೇಡ, ವಾಪಸು ತಗೋ, ಇನ್ನೊಂದು ಸಲ ಕಾಫಿ ಸುರಿ ಎಂದರು. ಮತ್ತೆ ಬಟ್ಟಲು ತುಂಬಿತು, ಮತ್ತೆ ಯಾರೂ ಮುಟ್ಟಲಿಲ್ಲ. ಈಗ ನನಗೂ ನಗು ಬರಲಿಲ್ಲ.

ತಮ್ಮ ತಲೆ ತಗ್ಗಿಸಿಯೇ ಹೇಳಿದ. "ಆರು ತಿಂಗಳಲ್ಲಿ ಎಲ್ರೂ ನನ್ನ ಮರ್ತುಬಿಡ್ತಾರೆ. ತುದೀಲಿ ಇನ್ಯಾವನೋ ನಿಂತಿರ್ತಾನೆ."

ಪಾಪ, ಇಷ್ಟು ದಿನ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದ. ಗಂಡಸರ ನಡುವೆ ನಾನು ನೆಟ್ಟಗೆ ನುಗ್ಗಿದೆ.

"ಲೋ, ನೀನು ಕುಣಿಸದೆ ನಾನು ಮದುಮಗಳಾಗಲ್ಲ. ವರ್ಷ ಆದ್ರೂ ಕಾಯ್ತೀನಿ."

ನನ್ನನ್ನು ಯಾರೂ ಕೇಳುವುದಿಲ್ಲವೇ ಎಂದು ಸಖರ್ ಮೆಲ್ಲಗೆ ಕೇಳಿದ. ಸುಮ್ಮನೆ ಕೂತ್ಕೋ ಎಂದೆವು ಅಕ್ಕ ತಮ್ಮ ಇಬ್ಬರೂ ಒಟ್ಟಿಗೆ. ಎಲ್ಲರೂ ನಕ್ಕರು. ಕುತೈಬಾ ಕಣ್ಣೊರೆಸಿಕೊಂಡು ಹಿರಿಯರಿಗೆ ಕುಡಿಯಿರಿ ಎಂದು ಕೈ ತೋರಿದ. ಆಮೇಲೆ ನನ್ನ ಹತ್ತಿರ ಕುಂಟುತ್ತ ಬಂದ.

"ಹೊಲಿಸ್ಕೊಳ್ತೀನಿ ಅಕ್ಕಾ. ಆದ್ರೆ ಭಯ ಆಗ್ತಿದೆ. ಆಸ್ಪತ್ರೆಗೆ ನೀನೂ ಬರ್ಬೇಕು."

ಬರದೆ ಇರುತ್ತೇನೆಯೇ, ಪೆದ್ದ.