ಒಂದೂ ಉಳಿಯದ ಪಟ್ಟಿ

ವಿಶ್ವವಿದ್ಯಾಲಯದ ಗ್ರಂಥಾಲಯದ ಎರಡನೇ ಮಹಡಿಯಲ್ಲಿ, ಮೆಟ್ಟಿಲ ಪಕ್ಕ, ನಮ್ಮ ಮೇಜು. ಬೇಕಾದ್ದನ್ನು ಹುಡುಕುವುದು ಹೇಗೆ, ಸಿಕ್ಕಿದ್ದರಲ್ಲಿ ಕಾಳು ಯಾವುದು, ಜೊಳ್ಳು ಯಾವುದು ಎಂದು ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ಹೇಳಿಕೊಡುವ ಏರ್ಪಾಡು. ನಾನು ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ, ದಿನಾ ಮಧ್ಯಾಹ್ನ ಎರಡು ಗಂಟೆ ಅಲ್ಲಿ ಕೂರುತ್ತಿದ್ದೆ. ಬರುವವರಲ್ಲಿ ಮುಕ್ಕಾಲು ಪಾಲು ಯುದ್ಧಕಾಲೇ ಶಸ್ತ್ರಾಭ್ಯಾಸದವರು. ನಾಳೆ ಪ್ರಬಂಧ ಒಪ್ಪಿಸಬೇಕು, ಇವತ್ತು ವಿಷಯ ಯಾವುದೆಂದು ಕೇಳಿದರೆ ಪಕ್ಕದವನ ಮುಖ ನೋಡುವವರು.

ಅವಳು ಹಾಗಲ್ಲ. ಕಾಲೇಜು ಶುರುವಾದ ಮೊದಲ ವಾರವೇ ಬಂದಳು. ಚರಿತ್ರೆ ಓದುವ ಮೊದಲ ವರ್ಷದ ಹುಡುಗಿ. ಬೀದಿಯಲ್ಲೂ ಗ್ರಂಥಾಲಯದಲ್ಲಿದ್ದಂತೆಯೇ ಮಾತಾಡುತ್ತಾಳೆಂದು ಗ್ರಂಥಪಾಲಕರು ಅವಳಿಗೆ ಪಿಸುಮಾತು ಎಂದು ಹೆಸರಿಟ್ಟರು. ಕೈಕಾಲಿನ ಸ್ನಾಯುಗಳು ಒಂದೊಂದಾಗಿ ಸೋಲುತ್ತ ಬರುವ ಕಾಯಿಲೆಯೊಂದರ ಹೆಸರು ಹೇಳಿ, ಅದರ ಚಿಕಿತ್ಸೆಯ ಬಗ್ಗೆ ಬರೆಯಬೇಕು ಎಂದಳು. ಚರಿತ್ರೆಯ ಹುಡುಗಿಗೆ ಇದು ಯಾಕೆ ಎಂದು ಒಂದು ಮಾತು ಕೇಳಬಹುದಿತ್ತು. ಶ್ರದ್ಧೆಯ ಶಿಷ್ಯೆ ಸಿಕ್ಕಳೆಂಬ ಖುಷಿಯಲ್ಲಿ ನಾನು ಕೇಳಲಿಲ್ಲ.

ಒಂದು ವಾರಕ್ಕೆ ಲೇಖನವೊಂದನ್ನು ಎದೆಗವಚಿಕೊಂಡು ಬಂದಳು. ದೂರದ ಊರಿನ ಚಿಕಿತ್ಸಾಲಯವೊಂದು ಕೊಡುವ ಚುಚ್ಚುಮದ್ದಿನಿಂದ ಎಂಟು ಜನರ ಕೈಗೆ ಮತ್ತೆ ಬಲ ಬಂದಿತ್ತಂತೆ. ನಾನು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂರು ಪ್ರಶ್ನೆ ಕಲಿಸಿದೆ: ಎಷ್ಟು ಜನರ ಮೇಲೆ ನೋಡಿದ್ದಾರೆ, ಮದ್ದು ತೆಗೆದುಕೊಳ್ಳದವರ ಜೊತೆ ಹೋಲಿಸಿದ್ದಾರೆಯೇ, ಬರೆದವರು ಯಾರು. ಬರೆದವರು ಅದೇ ಚಿಕಿತ್ಸಾಲಯದ ವೈದ್ಯರು. ಹೋಲಿಕೆಯೇ ಇರಲಿಲ್ಲ. ಬಿಟ್ಟುಬಿಡು, ಇದಕ್ಕೆ ತೂಕವಿಲ್ಲ ಎಂದೆ. ಅವಳು ನೋಟ್‌ಬುಕ್ಕಿನ ಪಟ್ಟಿಯಲ್ಲಿ ಅದರ ಮೇಲೆ ಗೆರೆ ಎಳೆದಳು.

ಹೀಗೆ ಆರು ವಾರ. ದಿನಕಳೆದಂತೆ ನನ್ನ ಸಹಾಯವೇ ಬೇಕಾಗಲಿಲ್ಲ; ಹೊಸದನ್ನು ತಾನೇ ಹುಡುಕಿ, ತಾನೇ ಓದಿ, ತಾನೇ ಹೊಡೆದುಹಾಕುತ್ತಿದ್ದಳು. ನಾನು ಅವಳನ್ನು ಗ್ರಂಥಪಾಲಕರ ಮುಂದೆ ನಿಲ್ಲಿಸಿ, ಈ ವರ್ಷ ಕಲಿತವಳು ಎಂದರೆ ಇವಳೊಬ್ಬಳೇ ಎಂದು ಜಂಬ ಕೊಚ್ಚಿಕೊಂಡೆ. ಅವಳು ನಗಲಿಲ್ಲ.

ಮೇಜಿಗೆ ವಾಪಸು ಬಂದ ಮೇಲೆ ಕೇಳಿದಳು: "ಅಕ್ಕಾ, ಒಂದೂ ಉಳೀಲಿಲ್ಲ ಅಂದ್ರೆ ಏನು ಬರೀಬೇಕು?"

"ಇಲ್ಲೀವರೆಗೆ ಆಧಾರ ಸಿಕ್ಕಿಲ್ಲ ಅಂತಾನೇ ಬರಿ. ಅದೂ ಒಂದು ಉತ್ತರಾನೇ."

"ನಮ್ಮಮ್ಮಂಗೆ ಹೇಗೆ ಹೇಳ್ಲಿ?"

ಆಗ ಎಲ್ಲ ಹೊರಬಂತು. ಕಾಯಿಲೆ ಅವಳ ಅಣ್ಣನಿಗೆ. ಅಂಗಡಿಗಳ ನಾಮಫಲಕ ಬರೆಯುವವನು. ಈಗ ಬ್ರಷ್ಷು ಹಿಡಿಯಲಾರ, ಊಟದ ತುತ್ತನ್ನೂ ತಾಯಿಯೇ ಕೊಡಬೇಕು. ಆ ಚುಚ್ಚುಮದ್ದಿನ ಊರಿಗೆ ಕರೆದೊಯ್ಯಬೇಕೆಂದು ತಾಯಿಯ ಹಟ. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ಇವಳೊಬ್ಬಳೇ ಆದ್ದರಿಂದ, ನೀನು ಓದಿ ನೋಡಿ ಹೇಳು, ನಿನ್ನ ಮಾತಿನಂತೆ ಮಾಡೋಣ ಎಂದು ಎಲ್ಲರೂ ಇವಳ ಮೇಲೆ ಬಿಟ್ಟಿದ್ದರು.

ಪ್ರಬಂಧವೆಂಬುದು ಇರಲೇ ಇಲ್ಲ.

ವೈದ್ಯರನ್ನು ಕೇಳಿ ಎಂದೆ. ಕೇಳಿದ್ದೇವೆ, ಪ್ರಯೋಜನವಿಲ್ಲ ಅಂದರು, ಅಮ್ಮ ನಂಬುವುದಿಲ್ಲ ಎಂದಳು. ಹಾಗಾದರೆ ಹೋಗಿ ಬನ್ನಿ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ಆದರೆ ಸುಳ್ಳೆಂದು ನಾನೇ ತೋರಿಸಿದ್ದನ್ನು ಯಾವ ಬಾಯಲ್ಲಿ ಹೇಳಲಿ?

ಅವಳು ಮನೆಯಲ್ಲಿ ನಿಜವನ್ನೇ ಹೇಳಿದಳು. ಅವರು ಹೋಗಲಿಲ್ಲ. ಐದನೇ ತಿಂಗಳಿಗೆ ಅಣ್ಣ ತೀರಿಕೊಂಡ.

ಅವಳು ಮತ್ತೆ ಕ್ಲಾಸಿಗೆ ಬರಲಿಲ್ಲ. ವಿಳಾಸ ಹುಡುಕಿಕೊಂಡು ನಾನೇ ಹೋದೆ. ಎರಡು ಕೋಣೆಯ ಮನೆ. ಗೋಡೆಗೆ ಒರಗಿಸಿಟ್ಟ ಫಲಕದಲ್ಲಿ ಅರ್ಧ ಬರೆದು ಬಿಟ್ಟ ಅಕ್ಷರಗಳಿದ್ದವು. ತಾಯಿ ನನ್ನನ್ನು ಕೂರಲು ಹೇಳಿ, ನೀರು ಕೊಟ್ಟು, ಎದುರಿಗೆ ಕೂತರು.

"ಲೈಬ್ರರೀಲಿ ಇವಳಿಗೆ ಕಲಿಸಿದ್ದು ನೀನೇನಮ್ಮ?"

"ಹೌದು."

"ಅಲ್ಲಿಗೆ ಹೋಗಿದ್ರೂ ಉಳೀತಿರ್ಲಿಲ್ಲ ಅಂತ ಎಲ್ಲಾರೂ ಹೇಳ್ತಾರೆ. ಇರಬಹುದು. ಆದ್ರೆ ನನ್ನ ಮಗ ಐದು ತಿಂಗಳು ಗೋಡೆ ನೋಡ್ಕೊಂಡು ಮಲಗಿದ್ದ. ನಾಳೆ ಹೋಗೋಣ ಕಣೋ ಅಂತ ಒಂದು ಮಾತು ಹೇಳೋಕೂ ನಂಗೆ ಏನೂ ಉಳಿಸಿರ್ಲಿಲ್ಲ ಇವಳು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ಲೋಟ ಎತ್ತಿಕೊಂಡು ಒಳಗೆ ಹೋದರು.

ಮಗಳು ಬಾಗಿಲ ಬಳಿ ನಿಂತೇ ಇದ್ದಳು. ತಾಯಿ ತನ್ನ ಜೊತೆ ಮಾತು ಬಿಟ್ಟು ಹನ್ನೊಂದು ದಿನವಾಯಿತೆಂದಳು. ಓದು ಮುಂದುವರಿಸು, ನಾನಿದ್ದೇನೆ ಎಂದೆ. ಆ ಮಾತು ನನಗೇ ಟೊಳ್ಳಾಗಿ ಕೇಳಿಸಿತು. ಗೊತ್ತಿಲ್ಲದೇ ಇದ್ದಿದ್ದರೆ ಅಮ್ಮನ ಜೊತೆ ತಾನೂ ನಂಬಿಕೊಂಡು ಇರುತ್ತಿದ್ದೆ ಎಂದಳು, ಅಷ್ಟೇ. ನನ್ನ ಮೇಲೆ ಕೋಪವಿದೆಯೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಮೇಜು ಬಿಡುತ್ತೇನೆಂದು ಮರುದಿನ ಗ್ರಂಥಪಾಲಕರಿಗೆ ಹೇಳಿದೆ. ನೀನು ತಪ್ಪು ಕಲಿಸಿಲ್ಲವಲ್ಲ ಎಂದು ಅವರು ಸಮಾಧಾನ ಹೇಳಿದರು. ಅದು ನನಗೂ ಗೊತ್ತಿತ್ತು. ಬೇರೆ ಯಾರೂ ಸಿಗದೆ ಪರೀಕ್ಷೆ ಮುಗಿಯುವವರೆಗೂ ನಾನೇ ಕೂತೆ. ಬಂದವರಿಗೆಲ್ಲ ಆ ಮೂರು ಪ್ರಶ್ನೆಗಳನ್ನೇ ಹೇಳಿಕೊಟ್ಟೆ. ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ.